ಒಂದೇ ರಾಶಿಗೆ ಐದು ಚೀಟಿ

ನನ್ನದೂ ನನ್ನ ತಂಗಿಯದೂ ಒಂದೇ ಕಾರು. ಒಂದೇ ಮಾಡೆಲ್, ಒಂದೇ ವೇರಿಯೆಂಟ್, ಅದೇ 1197 ಸಿಸಿ ಪೆಟ್ರೋಲ್ ಎಂಜಿನ್ನು, ಬಣ್ಣ ಕೂಡ ಅದೇ ಬಿಳಿ. 2021ರ ದೀಪಾವಳಿಯ ವಾರ ಅವಳು ಬೆಂಗಳೂರಿನಲ್ಲಿ ತೆಗೆದುಕೊಂಡಳು, ನಾನು ಇಲ್ಲಿ ತೆಗೆದುಕೊಂಡೆ. ಅವಳದು ಬೆಳ್ಳಂದೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುತ್ತದೆ, ನನ್ನದು ಸಾಗರದ ಮನೆಯ ಕೊಟ್ಟಿಗೆಯಲ್ಲಿ, ಹಿಂದೆ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ. ನಾಲ್ಕು ವರ್ಷದಲ್ಲಿ ಇಬ್ಬರೂ ಒಂದು ಕ್ಲೇಮನ್ನೂ ಮಾಡಿಲ್ಲ.

ಈ ಸಲ ಕಾರಿನ ವಿಮೆಯ ರಿನ್ಯೂವಲ್ ಹೊತ್ತಿಗೆ ಅವಳು ಫೋನ್ ಮಾಡಿ, "ಅಕ್ಕಾ, ನಿಂಗೆಷ್ಟು ಬಂತು?" ಅಂದಳು. ಶೋರೂಮಿನವರು ಕಳಿಸಿದ ಮೆಸೇಜು ನೋಡಿ ಹೇಳಿದೆ: 14,310. "ಕಟ್ಟಿಬಿಟ್ಯಾ?" ಇಲ್ಲ, ನಾಳೆ ಕಟ್ಟೋಣ ಅಂತ. "ಕಟ್ಟಬೇಡ, ತಡಿ" ಎಂದವಳೇ ಬೇರೆ ಬೇರೆ ಕಂಪನಿಗಳು ತನಗೆ ಹೇಳಿದ ದರಗಳ ಸ್ಕ್ರೀನ್‌ಶಾಟ್ ಕಳಿಸಿದಳು.

ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವವಳು. ಸಂತೆಯಲ್ಲಿ ಬಸಳೆ ಸೊಪ್ಪಿನ ಕಟ್ಟಿಗೂ ಎರಡು ಕಡೆ ಕೇಳುತ್ತೇನೆ. ಅಂಥವಳು ಮೂರು ವರ್ಷದಿಂದ ಶೋರೂಮಿನವರು ಹೇಳಿದ್ದಷ್ಟನ್ನು ಕಣ್ಣು ಮುಚ್ಚಿ ಕಟ್ಟಿಕೊಂಡು ಬಂದಿದ್ದೆ. ನಮ್ಮ ಸಂಬಳದಲ್ಲಿ ಕೆಜಿಐಡಿ, ಅಂದರೆ ಸರ್ಕಾರಿ ನೌಕರರ ವಿಮೆ, ಮುರಿದುಕೊಳ್ಳುತ್ತಾರಲ್ಲ, ವಿಮೆ ಎಂದರೆ ಹಾಗೇ, ಯಾರೋ ಲೆಕ್ಕ ಹಾಕಿ ಹಿಡಿದುಕೊಳ್ಳುವ ಹಣ ಎಂಬ ಭಾವನೆ ತಲೆಯಲ್ಲಿ ಕೂತುಬಿಟ್ಟಿತ್ತೇನೋ.

ಅವತ್ತು ರಾತ್ರಿ ನಾನೂ ಕೂತು ಐದು ಕಂಪನಿಗಳ ಕೋಟ್ ತೆಗೆಸಿದೆ. ಮೊಬೈಲ್ ನಂಬರ್ ಕೊಡದೆ ಯಾರೂ ದರ ತೋರಿಸುವುದಿಲ್ಲ. ಕೊಟ್ಟ ತಪ್ಪಿಗೆ ಮುಂದಿನ ವಾರವಿಡೀ ತರಗತಿಯ ಮಧ್ಯೆ ಫೋನ್ ಗುನುಗುತ್ತಿತ್ತು. ಬಂದ ಅಂಕಿಗಳು ಇವು: 6,050, 8,420, 9,975, 11,640 ಮತ್ತು 13,762. ಒಂದೇ ಕಾರಿಗೆ, ಒಂದೇ ಊರಿನಲ್ಲಿ, ಒಂದೇ ರಾತ್ರಿ, ಕಡಿಮೆಗೂ ಹೆಚ್ಚಿಗೂ ಎರಡು ಪಟ್ಟಿಗಿಂತ ಜಾಸ್ತಿ ಅಂತರ. ಮೊದಲು ಬಂದದ್ದು ಸಿಟ್ಟು, ಇಷ್ಟು ವರ್ಷ ಮೋಸ ಹೋದೆನಲ್ಲ ಎಂದು. ಎರಡು ದಿನ ಕಳೆದ ಮೇಲೆ ಸಿಟ್ಟಿಗೆ ಅಷ್ಟೇನೂ ಆಧಾರವಿಲ್ಲ ಎಂದು ಗೊತ್ತಾಯಿತು. ಆದರೆ ಆಗ ಸುರುವಾದ ಕುತೂಹಲ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಪ್ಪಯ್ಯನ ಮುಂದೆ ಐದೂ ಅಂಕಿ ಓದಿದೆ. ಅಪ್ಪಯ್ಯನಿಗೆ ಆಶ್ಚರ್ಯವೇ ಆಗಲಿಲ್ಲ. "ಮಂಡಿಯಲ್ಲೂ ಹಾಂಗೇ ಅಲ್ದನೇ?" ಅಂದ.

ಅಪ್ಪಯ್ಯ ಹೇಳಿದ್ದು ಅಡಿಕೆ ಟೆಂಡರಿನ ಮಾತು. ಮಂಡಿಯಲ್ಲಿ ನಮ್ಮ ಅಡಿಕೆ ಸುರುವಿ ಇಟ್ಟಿರುತ್ತಾರೆ. ವ್ಯಾಪಾರಿಗಳು ಬಂದು ಕೈಯಲ್ಲಿ ಆಡಿಸಿ, ಒಂದೆರಡು ಒಡೆದು, ಬಣ್ಣ ನೋಡಿ, ತಮ್ಮ ತಮ್ಮ ದರ ಹಾಕುತ್ತಾರೆ. ಹಿಂದೆ ಚೀಟಿಯಲ್ಲಿ ಬರೆಯುತ್ತಿದ್ದರು, ಈಗ ಕಂಪ್ಯೂಟರ್. ಅದೇ ರಾಶಿ, ಅದೇ ಬೆಳಗು, ಆದರೂ ಒಬ್ಬೊಬ್ಬರದು ಒಂದೊಂದು ದರ. ಒಬ್ಬನಿಗೆ ಉತ್ತರದ ಕಡೆಯ ಆರ್ಡರ್ ಇದೆ, ನಾಳೆಯೇ ಲಾರಿ ತುಂಬಬೇಕು, ಏರಿಸಿ ಹಾಕುತ್ತಾನೆ. ಇನ್ನೊಬ್ಬನ ಗೋದಾಮು ತುಂಬಿದೆ, ಬಂದರೆ ಬರಲಿ ಎಂದು ಇಳಿಸಿ ಹಾಕುತ್ತಾನೆ. ಮತ್ತೊಬ್ಬನಿಗೆ ಹೋದ ವರ್ಷ ಈ ಸೀಮೆಯ ಅಡಿಕೆಯಲ್ಲಿ ಕೈ ಸುಟ್ಟಿದೆ. ಚೀಟಿಯಲ್ಲಿರುವ ದರ ಅಡಿಕೆಯ ಬಗ್ಗೆ ಎಷ್ಟು ಹೇಳುತ್ತದೋ ಅದನ್ನು ಬರೆದವನ ಗೋದಾಮಿನ ಬಗ್ಗೆಯೂ ಅಷ್ಟೇ ಹೇಳುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹೆಚ್ಚು ಹಾಕಿದವನಿಗೆ ಮಾಲು, ಇಲ್ಲಿ ನಾವು ಕಡಿಮೆ ಹಾಕಿದವರ ಕಡೆ ವಾಲುತ್ತೇವೆ.

ಆದರೆ ಹೋಲಿಕೆಯಲ್ಲಿ ಒಂದು ತೊಡಕಿತ್ತು. ಮಂಡಿಯಲ್ಲಿ ಐವರೂ ನೋಡಿದ್ದು ಒಂದೇ ರಾಶಿ. ನನ್ನ ಐದು ಕಂಪನಿಗಳು ನಿಜಕ್ಕೂ ಒಂದೇ ಮಾಲಿಗೆ ದರ ಹಾಕಿದ್ದವೇ? ಒಂದೊಂದೇ ಕೋಟ್ ಬಿಚ್ಚಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅಂಕಣ ಎಳೆದು ಬರೆಯುತ್ತಾ ಹೋದೆ.

ಐದರಲ್ಲೂ ಪೈಸೆ ವ್ಯತ್ಯಾಸವಿಲ್ಲದೆ ಇದ್ದ ಸಾಲು ಒಂದೇ ಒಂದು: ಥರ್ಡ್ ಪಾರ್ಟಿ ಪ್ರೀಮಿಯಂ, 3,416 ರೂಪಾಯಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ ಇದು, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಇದರ ದರ ಕಟ್ಟುವುದು ಕಂಪನಿಯಲ್ಲ, ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ 2,094, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897 ರೂಪಾಯಿ. ಹೊಸ ಕಾರಾದರೆ 2018ರ ಸೆಪ್ಟೆಂಬರಿನಿಂದ 3 ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಅಲ್ಲಿ ಚೌಕಾಶಿಗೆ ಜಾಗವಿಲ್ಲ. "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆ ಮಾಡಿಕೊಡ್ತೇವೆ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಉಳಿದ ಸಾಲುಗಳಲ್ಲಿ ಒಂದೂ ಒಂದರಂತೆ ಇರಲಿಲ್ಲ.

ಮೊದಲು ಐಡಿವಿ. ಕಾರು ಕಳುವಾದರೆ ಅಥವಾ ರಿಪೇರಿಗೆ ಮೀರಿ ನುಜ್ಜಾದರೆ ಕಂಪನಿ ಕೊಡುವ ಗರಿಷ್ಠ ಹಣ. 6,050ರ ಕೋಟ್‌ನಲ್ಲಿ ನನ್ನ ಕಾರಿನ ಬೆಲೆ 3.90 ಲಕ್ಷ, 13,762ರದ್ದರಲ್ಲಿ 4.80 ಲಕ್ಷ. ತೊಂಬತ್ತು ಸಾವಿರದ ಅಂತರ ಹೇಗೆ ಬಂತು? ಶೋರೂಮ್ ಬೆಲೆಯಲ್ಲಿ ಸವಕಳಿ ಕಳೆಯುವ ಒಂದು ಪಟ್ಟಿಯಿದೆ. 6 ತಿಂಗಳವರೆಗೆ ಶೇ. 5, ವರ್ಷದೊಳಗೆ ಶೇ. 15, ಆಮೇಲೆ ಏರುತ್ತಾ 4ರಿಂದ 5 ವರ್ಷದ ಕಾರಿಗೆ ಶೇ. 50. ಹೇಗೂ ಪಟ್ಟಿಯಿದೆಯಲ್ಲ ಎಂದು ನಾನು ಸುಮ್ಮನಿದ್ದೆ. ಆದರೆ ಕೋಟ್ ತೋರಿಸುವ ಪರದೆಯಲ್ಲಿ ಐಡಿವಿಗೆ ಒಂದು ಜಾರುಪಟ್ಟಿ ಇಟ್ಟಿರುತ್ತಾರೆ, ಎಡಕ್ಕೆ ಎಳೆದರೆ ಪ್ರೀಮಿಯಂ ಇಳಿಯುತ್ತದೆ. ಕೋಟ್‌ಗಳ ಸಾಲಿನಲ್ಲಿ ಮೇಲೆ ಕಾಣಿಸಿಕೊಳ್ಳುವ ಆಸೆಗೆ ಕೆಲವರು ಮೊದಲೇ ಎಡಕ್ಕೆ ಎಳೆದಿಟ್ಟಿರುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. 4.80 ಲಕ್ಷಕ್ಕೆ ಆ ಗೆರೆ 3.60 ಲಕ್ಷದಲ್ಲಿ ಬೀಳುತ್ತದೆ, 3.90 ಲಕ್ಷಕ್ಕೆ 2.92 ಲಕ್ಷದಲ್ಲೇ ಬೀಳುತ್ತದೆ. ಅಂದರೆ ಐಡಿವಿ ಇಳಿಸಿದವರ ಕಾರು ಗುಜರಿಗೆ ಹೋಗುವ ದಾರಿಯೂ ಅಷ್ಟು ಹತ್ತಿರ, ಕೈಗೆ ಬರುವ ಹಣವೂ ಅಷ್ಟು ಕಡಿಮೆ.

ಆಮೇಲೆ ಜೀರೋ ಡೆಪ್, ಅಂದರೆ ರಿಪೇರಿ ಬಿಲ್ಲಿನಲ್ಲಿ ಸವಕಳಿ ಮುರಿಯದ ಹೆಚ್ಚುವರಿ ಕವರು. ನಮ್ಮ ಕಡೆ ಗ್ಯಾರೇಜಿನವರು ಬಂಪರ್ ಟು ಬಂಪರ್ ಎನ್ನುತ್ತಾರೆ. ಅದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗಳ ಬೆಲೆಯಲ್ಲಿ ಅರ್ಧ ನಮ್ಮ ತಲೆಗೆ. ಕಬ್ಬಿಣದ ಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ ಕಡಿತ. ಗಾಜಿಗೆ ಮಾತ್ರ ಕಡಿತವಿಲ್ಲ. ಈಗಿನ ಕಾರಿನ ಮುಂದೆ ನಿಂತು ಮುಟ್ಟಿ ನೋಡಿ, ಮೊದಲು ತಾಗುವ ಜಾಗವೆಲ್ಲ ಪ್ಲಾಸ್ಟಿಕ್ಕೇ. ಅಪ್ಪಯ್ಯನ ಕಾಲದ ಅಂಬಾಸಿಡರಿನ ಬಂಪರು ಕಬ್ಬಿಣದ್ದು, ಅದು ಗುದ್ದಿದರೆ ರಿಪೇರಿ ಬೇಕಾಗುತ್ತಿದ್ದದ್ದು ಎದುರಿನದಕ್ಕೆ. ಕಡಿಮೆ ಎರಡು ಕೋಟ್‌ಗಳಲ್ಲಿ ಜೀರೋ ಡೆಪ್ ಇರಲೇ ಇಲ್ಲ. ಇದ್ದ ಮೂರರಲ್ಲೂ ಷರತ್ತು ಬೇರೆ ಬೇರೆ: ಒಂದು ವರ್ಷಕ್ಕೆ ಎರಡು ಕ್ಲೇಮಿಗೆ ಮಿತಿ ಹಾಕಿತ್ತು, ಇನ್ನೊಂದು ಮುಂದಿನ ವರ್ಷದಿಂದ, ಅಂದರೆ ಕಾರಿಗೆ 5 ತುಂಬಿದ ಮೇಲೆ, ಕೊಡುವುದಿಲ್ಲ ಎಂದು ಈಗಲೇ ಹೇಳಿತ್ತು.

ಇನ್ನು ಕಾರಿನ ಒಡೆಯರೇ ಓಡಿಸುವಾಗ ಜೀವಕ್ಕೆ ಏನಾದರೂ ಆದರೆ ಸಿಗುವ 15 ಲಕ್ಷದ ಅಪಘಾತ ವಿಮೆ. ಬೇರೆ ಕಡೆ ಇದ್ದರೆ ಇಲ್ಲಿ ತೆಗೆದುಕೊಳ್ಳಬೇಕಾಗಿಲ್ಲ. ಕಡಿಮೆಯ ಕೋಟ್‌ನಲ್ಲಿ "ನನಗೆ ಬೇರೆ ಕಡೆ ಇದೆ" ಎಂಬ ಚೌಕಕ್ಕೆ ನಾನು ಮುಟ್ಟದೆಯೇ ಟಿಕ್ ಬಿದ್ದಿತ್ತು. ನನಗೆ ಬೇರೆ ಕಡೆ ಇರಲಿಲ್ಲ.

ಎಲ್ಲವನ್ನೂ ಒಂದೇ ಅಳತೆಗೆ ತಂದೆ. ಐಡಿವಿ 4.40 ಲಕ್ಷ, ಜೀರೋ ಡೆಪ್, ಎಂಜಿನ್ ರಕ್ಷಣೆ, 15 ಲಕ್ಷದ ವಿಮೆ, ಎಲ್ಲದಕ್ಕೂ ಒಂದೇ. ಮತ್ತೆ ಐದೂ ಕೋಟ್ ತೆಗೆದರೆ ಕಡಿಮೆಯದು 9,300, ಹೆಚ್ಚಿನದು 12,735. ಏಳೂವರೆ ಸಾವಿರ ದಾಟಿದ್ದ ಅಂತರ ಮೂರೂವರೆ ಸಾವಿರದ ಒಳಗೆ ಬಂದು ಕೂತಿತು. ನಡುವೆ ಸ್ಥಾನಪಲ್ಲಟವೂ ಆಗಿತ್ತು: 8,420 ಎಂದು ಎರಡನೆಯ ಸ್ಥಾನದಲ್ಲಿ ಬೀಗುತ್ತಿದ್ದದ್ದು ನಾಲ್ಕಕ್ಕೆ ಜಾರಿತು, ಮೂರನೆಯದು 9,960ಕ್ಕೆ ಎರಡನೆಯ ಸ್ಥಾನಕ್ಕೆ ಏರಿತು. ನಾನು ದರದ ವ್ಯತ್ಯಾಸ ಎಂದು ಸಿಟ್ಟಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಲಿನ ವ್ಯತ್ಯಾಸ. ಒಂದು ಚೀಟಿ ಮೇಲ್ದರ್ಜೆಯ 'ರಾಶಿ' ಅಡಿಕೆಗೆ ಬರೆದದ್ದು, ಇನ್ನೊಂದು ಕೆಳದರ್ಜೆಯ ಗೊರಬಲಿಗೆ.

ಹಾಗಾದರೆ ಉಳಿದ ಮೂರೂವರೆ ಸಾವಿರ? ನನ್ನ ನಿದ್ದೆ ಕೆಡಿಸಿದ್ದು ನಿಜವಾಗಿ ಇದೇ.

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 1973ರ ಜನವರಿಯಿಂದ ಸಾಮಾನ್ಯ ವಿಮೆಯೆಲ್ಲ ಸರ್ಕಾರದ್ದಾಯಿತು. ನೂರಕ್ಕೂ ಹೆಚ್ಚು ಕಂಪನಿಗಳು ಸೇರಿ ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. 2000ದ ನಂತರ ಖಾಸಗಿಯವರು ಬಂದರೂ ಮೋಟಾರು ವಿಮೆಗೆ ದೇಶಕ್ಕೆಲ್ಲ ಒಂದೇ ದರಪಟ್ಟಿ ಇತ್ತು. ಸಾಗರದ ಏಜೆಂಟರು ಜೀಪಿಗೆ ಬರೆದದ್ದೂ ಅಮೃತಸರದವರು ಬರೆದದ್ದೂ ಒಂದೇ ಪುಸ್ತಕ ನೋಡಿ. ಹೊಸ ವರ್ಷಕ್ಕೆ ಯಾರು ದಪ್ಪ ಡೈರಿ ಕೊಡುತ್ತಾರೋ ಅವರಲ್ಲಿ ವಿಮೆ, ಪೈಪೋಟಿ ಇದ್ದದ್ದು ಅಷ್ಟರಲ್ಲೇ. 2007ರ ಜನವರಿ 1ರಂದು ಆ ಪಟ್ಟಿಯ ಕಟ್ಟು ಬಿಚ್ಚಿತು. ನಮ್ಮದೇ ಕಾರಿಗೆ ಆಗುವ ಹಾನಿಯ ಭಾಗಕ್ಕೆ, ಅಂದರೆ ಓನ್ ಡ್ಯಾಮೇಜಿಗೆ, ಕಂಪನಿ ತನ್ನ ದರ ತಾನೇ ಕಟ್ಟಬಹುದಾಯಿತು. ಥರ್ಡ್ ಪಾರ್ಟಿ ಮಾತ್ರ ಕಟ್ಟಿನೊಳಗೇ ಉಳಿಯಿತು.

ಕಟ್ಟು ಬಿಚ್ಚಿದರೂ ಪುಸ್ತಕ ಮಾತ್ರ ಮೂಲೆ ಸೇರಲಿಲ್ಲ. ಅನೇಕ ಕಂಪನಿಗಳು ಈಗಲೂ ಆ ಹಳೆಯ 2002ರ ದರವನ್ನೇ ಅಡಿಗೆ ಇಟ್ಟುಕೊಂಡು ಅದರ ಮೇಲೆ ರಿಯಾಯಿತಿ ಕೊಡುತ್ತವೆ. ಆ ಪುಸ್ತಕದಲ್ಲಿ ದೇಶ ಎರಡು ವಲಯ. ಎ ವಲಯದಲ್ಲಿ ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ ಮೊದಲಾದ ಎಂಟು ನಗರಗಳು, ಬಿ ವಲಯದಲ್ಲಿ ಉಳಿದ ಭಾರತವೆಲ್ಲ, ಸಾಗರವೂ ಮೈಸೂರೂ ಸೇರಿ. ನಮ್ಮಂಥ 1000ದಿಂದ 1500 ಸಿಸಿಯ, 5 ವರ್ಷದೊಳಗಿನ ಕಾರಿಗೆ ತಂಗಿಯ ವಲಯದಲ್ಲಿ ಐಡಿವಿಯ ಶೇ. 3.283, ನನ್ನ ವಲಯದಲ್ಲಿ ಶೇ. 3.191. 4.40 ಲಕ್ಷಕ್ಕೆ ಗುಣಿಸಿದರೆ ಅವಳಿಗೆ 14,445, ನನಗೆ 14,040.

ಬೆಂಗಳೂರಿನವರಿಗೆ ಜಾಸ್ತಿ ಎಂದು ಎಲ್ಲರೂ ಹೇಳುವ ಮಾತಿನ ಮೂಲ ಇದೇ ಎಂದು ಖುಷಿಯಾಯಿತು. ಆದರೆ ಅಂತರ 405 ರೂಪಾಯಿ ಅಷ್ಟೇ. ಅದರ ಮೇಲೆ ಕಂಪನಿ ಮುಕ್ಕಾಲು ಪಾಲು ರಿಯಾಯಿತಿ ಕೊಟ್ಟರೆ 101 ಉಳಿಯುತ್ತದೆ. ನಾಲ್ಕು ವರ್ಷ ಕ್ಲೇಮ್ ಮಾಡದ್ದಕ್ಕೆ ಸಿಗುವ ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್, ಶೇ. 45 ಕಳೆದರೆ 56 ರೂಪಾಯಿ. ಎರಡು ಮಸಾಲೆ ದೋಸೆಯೂ ಬರುವುದಿಲ್ಲ. ಅತ್ತ ತಂಗಿಯ ಪಟ್ಟಿಯಲ್ಲಿ, ಅದೇ ಅಳತೆಗೆ ತಂದ ಮೇಲೂ, ನನಗೆ ಎಲ್ಲಕ್ಕಿಂತ ಕಡಿಮೆ ಹೇಳಿದ ಕಂಪನಿ ಅವಳಿಗೆ ನಾಲ್ಕನೆಯದಾಗಿತ್ತು, ಸುಮಾರು 2,000 ಹೆಚ್ಚು. ವಲಯ ಇದಕ್ಕೆ ಉತ್ತರವಲ್ಲ. ಆ ಕಂಪನಿಯೇ ನನಗೆ ಶೇ. 75 ರಿಯಾಯಿತಿ ಕೊಟ್ಟು ಅವಳಿಗೆ ಅಷ್ಟು ಕೊಡಲು ಹಿಂದೆಮುಂದೆ ನೋಡಿದ್ದು ಯಾಕೆ ಎಂಬುದೇ ಪ್ರಶ್ನೆ.

ನನಗೆ ತೋಚಿದ ಉತ್ತರ ಆ ಕದಲದ 3,416ರಲ್ಲಿದೆ.

ಯೋಚಿಸಿ. ಥರ್ಡ್ ಪಾರ್ಟಿ ದರ ನೋಡುವುದು ಸಿಸಿಯನ್ನು ಮಾತ್ರ. ತಂಗಿಯ ಕಾರು ಹೊರ ವರ್ತುಲ ರಸ್ತೆಯಲ್ಲಿ ದಿನಾ ಮೂರು ಗಂಟೆ ಬೈಕುಗಳ ನಡುವೆ ನುಸುಳುತ್ತದೆ. ನನ್ನದು ಕಾಲೇಜಿಗೆ ಹೋಗಿ ಬರುತ್ತದೆ, ಗುರುವಾರ ಸಂತೆಗೆ ಹೋಗುತ್ತದೆ. ಇಬ್ಬರಿಗೂ 3,416. ನಾಳೆ ಯಾರಿಗಾದರೂ ಪೆಟ್ಟಾದರೆ, ಜೀವ ಹೋದರೆ, ಮೋಟಾರು ಅಪಘಾತ ನ್ಯಾಯಮಂಡಳಿ ಹೇಳಿದ ಪರಿಹಾರ ಕಂಪನಿ ಕೊಡಬೇಕು. ಸಾವುನೋವಿನ ಪರಿಹಾರಕ್ಕೆ ಮೇಲ್ಮಿತಿ ಇಲ್ಲ, ತೀರ್ಪು ಬರುವುದು ವರ್ಷಗಳ ಮೇಲೆ. ಇಷ್ಟು ದೊಡ್ಡ ಹೊಣೆಗೆ ದರ ಏರಿಸುವ ಅಧಿಕಾರ ಕಂಪನಿಗಿಲ್ಲ, ನಿಮಗೆ ಮಾಡಿಕೊಡುವುದಿಲ್ಲ ಎನ್ನುವ ಹಾಗೂ ಇಲ್ಲ. ಅದರ ಕೈಯಲ್ಲಿ ಆಡುವ ಗುಂಡಿ ಒಂದೇ, ಓನ್ ಡ್ಯಾಮೇಜಿನ ರಿಯಾಯಿತಿ. ಬೇಕಾದ ಗಿರಾಕಿಗೆ ಅದನ್ನು ಏರಿಸುತ್ತದೆ, ಬೇಡವಾದವರಿಗೆ ಇಳಿಸುತ್ತದೆ. ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಕೋಟ್ ದುಬಾರಿ ಮಾಡಿ ನಾವೇ ಬೇರೆ ಕಡೆ ಹೋಗುವಂತೆ ಮಾಡುತ್ತದೆ. ಮದುವೆಗೆ ಕರೆಯಬೇಕು, ಆದರೆ ಬರಬಾರದು ಎಂದಿರುವವರಿಗೆ ಕರೆಯೋಲೆಯನ್ನು ಹಿಂದಿನ ದಿನ ಪೋಸ್ಟ್ ಮಾಡುತ್ತಾರಲ್ಲ, ಹಾಗೆ.

ಈ ಬೇಕು ಬೇಡ ಒಂದೊಂದು ಕಂಪನಿಗೆ ಒಂದೊಂದು ರೀತಿ. ಹೊಸ ಕಂಪನಿಗೆ ಊರೂರಲ್ಲಿ ಗಿರಾಕಿ ಬೇಕು, ಒಂದೆರಡು ವರ್ಷ ನಷ್ಟವಾದರೂ ಇಳಿಸಿ ಹಾಕುತ್ತದೆ. ಹಳೆಯದಕ್ಕೆ ಹತ್ತು ವರ್ಷದ ಕ್ಲೇಮುಗಳ ಕಡತವಿದೆ: ಈ ಮಾಡೆಲಿನ ಹೆಡ್‌ಲೈಟ್ ದುಬಾರಿ, ಆ ಮಾಡೆಲಿನ ಬಿಡಿಭಾಗ ಬೇಗ ಸಿಗುವುದಿಲ್ಲ, ಇಂಥ ಪಿನ್‌ಕೋಡಿನಿಂದ ಸಣ್ಣಪುಟ್ಟ ಕ್ಲೇಮು ಜಾಸ್ತಿ. ಒಂದರ ಕಡತದಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ. ಖರ್ಚೂ ಬೇರೆ. ಊರೂರಿಗೆ ಕಚೇರಿ ಇಟ್ಟವರಿಗೆ ಬಾಡಿಗೆ, ಸಂಬಳ. ಬರೀ ಆ್ಯಪ್‌ನಲ್ಲಿ ಮಾರುವವರಿಗೆ ಜಾಹೀರಾತು. ಶೋರೂಮಿನ ಮೂಲಕ ಮಾರುವವರಿಗೆ ಶೋರೂಮಿನ ಪಾಲು. 2023ರ ಏಪ್ರಿಲಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಕಮಿಷನ್ನಿಗೆ ಇದ್ದ ಬಿಡಿಬಿಡಿ ಮಿತಿ ತೆಗೆದು, ಒಟ್ಟು ನಿರ್ವಹಣಾ ಖರ್ಚಿಗೆ ಒಂದೇ ಮಿತಿ ಇಟ್ಟಿದೆ. ಆ ಮಿತಿಯೊಳಗೆ ಯಾರಿಗೆ ಎಷ್ಟು ಕೊಡುವುದು ಎಂಬುದು ಕಂಪನಿಯ ಮರ್ಜಿ. ಶೋರೂಮಿನ 14,310ರ ಗುಟ್ಟು ಅಲ್ಲಿದೆ ಎಂದು ನನ್ನ ಗುಮಾನಿ, ಸಾಕ್ಷಿ ಇಲ್ಲ.

ಬೆಂಗಳೂರಿನ ಕಡತದಲ್ಲಿ ಇರುವ ಇನ್ನೊಂದು ಪುಟ ತಂಗಿ ಕಣ್ಣಾರೆ ನೋಡಿದ್ದು. 2022ರ ಸೆಪ್ಟೆಂಬರಿನ ಆ ಮಳೆಯಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಕಡೆಯೆಲ್ಲ ಕೆರೆಯಾಗಿತ್ತಲ್ಲ, ಅವಳ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನೀರು ನುಗ್ಗಿತು. ಅವಳು ಅದೃಷ್ಟಕ್ಕೆ ಹಿಂದಿನ ರಾತ್ರಿ ಜಾಗ ಸಿಗದೆ ಇಳಿಜಾರಿನ ಮೇಲೆ ನಿಲ್ಲಿಸಿದ್ದಳು. ಪಕ್ಕದ ಮನೆಯವರು ನೀರು ಇಳಿಯುವ ಮೊದಲೇ ಕಾರಿಗೆ ಕೀಲಿ ತಿರುಗಿಸಿದರು. ಎಂಜಿನ್ನಿನೊಳಕ್ಕೆ ನೀರು ಎಳೆದುಕೊಂಡು ರಾಡು ಬಾಗಿತು. ಪ್ರವಾಹಕ್ಕೆ ಸಾಮಾನ್ಯ ಪಾಲಿಸಿಯಲ್ಲೇ ರಕ್ಷಣೆಯಿದೆ. ಆದರೆ ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಪ್ರವಾಹದ ಹಾನಿಯಲ್ಲ, ನಿಮ್ಮ ಕೈಯಾರೆ ಆದದ್ದು ಎಂದು ಕಂಪನಿಯ ವಾದ. ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವರು ಇರುವುದು ಇದಕ್ಕೇ. ಅವರಲ್ಲಿ ಅದಿರಲಿಲ್ಲ. ಎಷ್ಟು ಕೈಬಿಟ್ಟಿತು ಎಂದು ಅವರು ಇವತ್ತಿಗೂ ಬಾಯಿಬಿಟ್ಟಿಲ್ಲವಂತೆ. ನಮ್ಮ ಮಲೆನಾಡಿನಲ್ಲಿ ಮಳೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸುರಿಯುತ್ತದೆ, ಆದರೆ ಕೊಟ್ಟಿಗೆ ದಿಬ್ಬದ ಮೇಲಿದೆ, ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ನನಗೆ ನಿಜಕ್ಕೂ ಭಯ ಇರುವುದು ಕಾರಿನ ಮೇಲೆ ಬೀಳಬಹುದಾದ ಹಲಸಿನ ಕೊಂಬೆಯದು.

ಎನ್‌ಸಿಬಿಯ ಬಗ್ಗೆ ಒಂದು ಮಾತು, ಯಾಕೆಂದರೆ ಹೋದ ವರ್ಷ ನಾನು ಅದರ ಬೆಲೆ ತಿಳಿಯದೆಯೇ ಸರಿಯಾದ ಕೆಲಸ ಮಾಡಿದ್ದೆ. ಕಾಲೇಜಿನ ಗೇಟಿಗೆ ತಾಗಿ ಹಿಂದಿನ ಬಂಪರ್ ಸೀಳಿತು. ಗ್ಯಾರೇಜಿನ ಹುಡುಗ, "ಇನ್ಶೂರೆನ್ಸ್ ಇದ್ಯಲ್ಲ ಮೇಡಂ, ಹಾಕ್ಬಿಡಣ" ಅಂದ. ಬಿಲ್ಲು 6,000ದ ಆಸುಪಾಸು. ಸರ್ವೇಯರು, ಫೋಟೋ, ಸಹಿ ಎಂಬ ಗೋಜಿಗೆ ಹೆದರಿ ಕೈಯಿಂದಲೇ ಕೊಟ್ಟೆ. ಈಗ ಕೂತು ಲೆಕ್ಕ ಹಾಕಿದರೆ: ಎನ್‌ಸಿಬಿ ಏರುವುದು ಶೇ. 20, 25, 35, 45, 50 ಎಂದು ಐದು ಮೆಟ್ಟಿಲಲ್ಲಿ, ಒಂದು ಕ್ಲೇಮಾದರೆ ನೆಲಕ್ಕೆ. ಈಗಿರುವ 45ರ ಮೆಟ್ಟಿಲಿನಿಂದ ನೋಡಿ. ಕ್ಲೇಮು ಮಾಡದಿದ್ದರೆ ಮುಂದಿನ ವರ್ಷದಿಂದ ಪ್ರತಿವರ್ಷ 50. ಮಾಡಿದರೆ ಸೊನ್ನೆ, 20, 25, 35, 45 ಎಂದು ಮತ್ತೆ ಹತ್ತಬೇಕು. ಐದು ವರ್ಷದಲ್ಲಿ ಕಳೆದುಕೊಳ್ಳುವುದು 50, 30, 25, 15, 5, ಒಟ್ಟು ಶೇ. 125. ರಿಯಾಯಿತಿ ಕಳೆದ ಓನ್ ಡ್ಯಾಮೇಜ್ ಪ್ರೀಮಿಯಂ 5,000 ಎಂದಿಟ್ಟುಕೊಂಡರೆ 6,250 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 7,375. ಕಡ್ಡಾಯವಾಗಿ ನಾವು ಹೊರಬೇಕಾದ 1,000 ಕಳೆದು ಬಂಪರಿಗೆ ಸಿಗುತ್ತಿದ್ದದ್ದು 5,000. ಅಂದರೆ ಬಿಟ್ಟಿ ಬಂಪರಿಗೆ ಎರಡು ಸಾವಿರ ಮೇಲೆ ಕೊಟ್ಟಂತೆ. ಈ ಲೆಕ್ಕವನ್ನು ಎರಡನೇ ಪಿಯುಸಿಯ ಹುಡುಗರಿಗೆ ಕೊಟ್ಟೆ. ಹದಿನಾಲ್ಕು ಮಂದಿ ಜಿಎಸ್‌ಟಿ ಮರೆತರು.

ಎನ್‌ಸಿಬಿ ಕಾರಿಗಲ್ಲ, ಒಡೆಯರಿಗೆ ಸೇರಿದ್ದು. ಕಂಪನಿ ಬದಲಿಸಿದರೂ ಜೊತೆಗೇ ಬರುತ್ತದೆ, ಕಾರು ಮಾರಿ ಹೊಸದು ಕೊಂಡರೂ ಬರುತ್ತದೆ. ಪಾಲಿಸಿ ಮುಗಿದು 90 ದಿನ ಸುಮ್ಮನಿದ್ದರೆ ಮಾತ್ರ ಹೋಗುತ್ತದೆ. ಕಂಪನಿ ಬಿಟ್ಟರೆ ಬೋನಸ್ ಹೋಗುತ್ತದೆ ಎಂಬ ಹೆದರಿಕೆಯಲ್ಲೇ ಎಷ್ಟೋ ಜನ ಶೋರೂಮಿಗೆ ಕಟ್ಟುಬಿದ್ದಿದ್ದಾರೆ, ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಹಾಗೆಂದು ಕ್ಲೇಮು ಮಾಡಿಯೂ ಮಾಡಿಲ್ಲ ಎಂದು ಟಿಕ್ ಹಾಕಿ ಕೋಟ್ ಇಳಿಸಿಕೊಳ್ಳುವ ಬುದ್ಧಿವಂತಿಕೆ ಬೇಡ. ಹಳೆಯ ಕಂಪನಿಯನ್ನು ಕೇಳಿದರೆ ಗೊತ್ತಾಗುವ ವಿಷಯ ಅದು, ಮತ್ತು ಅವರು ಕೇಳುವುದು ನಮಗೆ ಹಣ ಬೇಕಾದ ದಿನವೇ.

ಕೊನೆಗೆ ಊರಿನ ಏಜೆಂಟರನ್ನೂ ಕರೆಸಿದೆ. ಅಪ್ಪಯ್ಯನ ಕಾಲದಿಂದ ಬೈಕು, ಟ್ರ್ಯಾಕ್ಟರಿಗೆಲ್ಲ ಅವರೇ. ನನ್ನ ಹಾಳೆಯನ್ನು ಕನ್ನಡಕದ ಮೇಲಿಂದ ನೋಡಿ, "ಇಷ್ಟೆಲ್ಲ ನೀವೇ ಮಾಡಿದ ಮೇಲೆ ನನ್ನನ್ನ ಯಾಕೆ ಕರೆದ್ರಿ ಮಾರಾಯ್ರೆ?" ಎಂದು ನಕ್ಕರು. ಆಮೇಲೆ ಬೆರಳಿಟ್ಟು ತೋರಿಸಿದರು. ಎಲ್ಲಕ್ಕಿಂತ ಕಡಿಮೆ ಹೇಳಿದ 9,300ರ ಕಂಪನಿಗೆ ಸಾಗರದಲ್ಲಿ ಕ್ಯಾಶ್‌ಲೆಸ್ ಗ್ಯಾರೇಜು ಇಲ್ಲ, ಶಿವಮೊಗ್ಗಕ್ಕೆ ಒಯ್ಯಬೇಕು, ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ಇಲ್ಲೇ ಮಾಡಿಸಿದರೆ ಮೊದಲು ಕೈಯಿಂದ ಕೊಟ್ಟು, ಆಮೇಲೆ ಬಿಲ್ಲು ಕಳಿಸಿ, ಕಾಯಬೇಕು. ಎರಡನೆಯದಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರವೇ ಇದೆ. ತಂಗಿಗೆ ಇದು ಲೆಕ್ಕಕ್ಕೇ ಇಲ್ಲ, ಅವಳ ಮನೆಯ ಸುತ್ತ ಐದು ಕಂಪನಿಗೂ ಗ್ಯಾರೇಜುಗಳಿವೆ. ಒಂದೇ ಕಂಪನಿಯ ಒಂದೇ ಪಾಲಿಸಿ ಅವಳ ಕೈಯಲ್ಲಿ ಒಂದು ಮಾಲು, ನನ್ನ ಕೈಯಲ್ಲಿ ಇನ್ನೊಂದು. ಇದು ಯಾವ ಪರದೆಯ ಮೇಲೂ ಕಾಣಿಸಿರಲಿಲ್ಲ.

ಏಜೆಂಟರ ಮೂಲಕ ಅದೇ ಎರಡನೆಯ ಕಂಪನಿಗೆ 640 ರೂಪಾಯಿ ಹೆಚ್ಚಾಗುತ್ತಿತ್ತು. ಆ 640ರ ಮೇಲೆ ಅರ್ಧ ದಿನ ಯೋಚಿಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಗಾಡಿ ಅಡ್ಡಬಿದ್ದ ರಾತ್ರಿ ಫೋನೆತ್ತುವ ಮನುಷ್ಯನಿಗೆ ಅದು ಹೆಚ್ಚಲ್ಲ ಎನಿಸಿತು, ಅವರ ಮೂಲಕವೇ ಮಾಡಿಸಿದೆ. ತಂಗಿ ಕೇಳಿ, "ನಿಂಗೆ ಹುಚ್ಚು ಅಕ್ಕಾ" ಅಂದಳು. ಅವಳು ಆ್ಯಪ್‌ನಲ್ಲಿ ಏಳು ನಿಮಿಷದಲ್ಲಿ ಮುಗಿಸಿದ್ದಳು. ಬೇರೆಯದೇ ಕಂಪನಿ, ನನ್ನ ಪಟ್ಟಿಯಲ್ಲಿ ಕೊನೆಗಿದ್ದದ್ದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದ, "ಟೆಂಡರ್ ಯಾರಿಗಾತು?"

ಎರಡನೆಯವರಿಗೆ ಅಂದೆ. ಐಡಿವಿ, ಜೀರೋ ಡೆಪ್, ಗ್ಯಾರೇಜು, ಏಜೆಂಟರ 640, ಎಲ್ಲ ಹೇಳಿದೆ. ಅಪ್ಪಯ್ಯ ತಂಬುಳಿ ಕಲೆಸುತ್ತಾ ಪೂರ್ತಿ ಕೇಳಿಸಿಕೊಂಡ. ಮಂಡಿಯಿಂದ ಬಂದಾಗಲೆಲ್ಲ ಅಮ್ಮ ಅವನನ್ನು ಕೇಳುವ ಪ್ರಶ್ನೆಯನ್ನು ನನಗೆ ಕೇಳಿದ:

"ದುಡ್ಡು ಎಷ್ಟು ದಿನಕ್ಕೆ ಕೊಡ್ತ್ವಡ?"

ಹಾಳೆ ತೆಗೆದು ನೋಡಿದೆ. ಒಂಬತ್ತು ಅಂಕಣ ಎಳೆದಿದ್ದೆ, ಅದೊಂದು ಇರಲಿಲ್ಲ.